ನಕ್ಕಾವ್ರು ತಿನ್ನಬೇಕು

"ಒಂದೇ ಸಲಕ್ಕೆ" ಎನ್ನುವ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಯಾರಾದರೂ ಒಂದೇ ಸಲಕ್ಕೆ ಈಜು ಕಲಿತೆ, ಒಂದೇ ಸಲಕ್ಕೆ ಸೈಕಲ್ ಹೊಡೆದೆ ಎಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಸಾಕ್ಷಿ ಯಾರು ಎಂದು ಕೇಳಿಬಿಡುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿದ ಚಟ ಇದು ಅನ್ನುತ್ತಾರೆ ಮನೆಯವರು. ಅದೂ ಸುಳ್ಳು, ಎಲ್ಲಿ ಅಂಟಿತೆಂದು ಆಮೇಲೆ ಹೇಳುತ್ತೇನೆ. ಮೊದಲು ಈ ಚಳಿಗಾಲದ ಮಾತು. ನನ್ನ ದೊಡ್ಡಪ್ಪನ ಮಗಳು ಶಿವಕ್ಕ ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ವಿಜ್ಞಾನದ ಟೀಚರು. ಮಕ್ಕಳು ವರ್ಷವಿಡೀ ಕಲಿತದ್ದನ್ನು ಊರಿನವರ ಮುಂದೆ ತೋರಿಸುವ ದಿನ ಅಂತ ನನ್ನನ್ನೂ ಕರೆದಿದ್ದಳು. ಶಾಮಿಯಾನದ ಕೆಳಗೆ ಸಾಲಾಗಿ ಬೆಂಚು, ಬೆಂಚಿನ ಮೇಲೆ ಬಣ್ಣದ ಹಾಳೆ ಹೊದ್ದ ಮಾದರಿಗಳು, ಅದರ ಹಿಂದೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ನೆಟ್ಟಗೆ ನಿಂತ ಮಕ್ಕಳು. ಶಿವಕ್ಕ ಮೈಕು ಹಿಡಿದು ಹೇಳಿದಳು: "ನಾ ನಿಮ್ಮಷ್ಟಾಕಿ ಇದ್ದಾಗ ಲಕ್ಷ್ಮೇಶ್ವರದಾಗ ನೀರು ಸೋಸೂ ಮಾದರಿ ಮಾಡಿದ್ದೆ. ಎಲ್ಲಾರ ಮುಂದ ರಾಡಿ ನೀರು ಹಾಕಿದೆ, ಒಂದೇ ಸಲಕ್ಕ ತಿಳಿನೀರು ಬಂತು! ಮನಸ್ಸಿಟ್ಟು ಮಾಡಿದ್ರ ತಪ್ಪ ಆಗೂದೇ ಇಲ್ಲ." ಜನ ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಶಾಲೆಯ ಹಿಂದಿನಿಂದ, ಬಂದವರ ಊಟಕ್ಕೆಂದು ಊರ ಹೆಣ್ಣುಮಕ್ಕಳು ಹೂಡಿದ್ದ ಒಲೆಗಳಿಂದ, ಜೋಳದ ರೊಟ್ಟಿಯ ವಾಸನೆ ತೇಲಿ ಬಂತು. ಬರೀ ರೊಟ್ಟಿಯ ವಾಸನೆಯಲ್ಲ. ಹಂಚಿನ ಅಂಚಿಗೆ ಉದುರಿದ ಒಣಹಿಟ್ಟು ಮೊದಲು ಕಂದುಬಣ್ಣಕ್ಕೆ ತಿರುಗಿ ಆಮೇಲೆ ಸೀಯುತ್ತದಲ್ಲ, ಮೂಗಿಗೆ ಸಿಹಿಯೂ ಗಂಟಲಿಗೆ ಕಹಿಯೂ ಆಗುವ ಆ ವಾಸನೆ. ನಾನು ಕುಂತಲ್ಲೇ ಎದ್ದುಬಿಟ್ಟೆ. ಯಾಕೆಂದರೆ ಆ ನೀರು ಬಿದ್ದ ದಿನ ನಾನು ಅಲ್ಲಿದ್ದೆ. ಅದು ಒಂದೇ ಸಲಕ್ಕೆ ತಿಳಿಯಾಗಿರಲಿಲ್ಲ.

ಲಕ್ಷ್ಮೇಶ್ವರದ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಮಾಳಿಗೆ, ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಗಡಿಗೆಯೊಳಗೆ ಇಳಿದಷ್ಟು ತಂಪು. ಕಾಳಿನ ಚೀಲ ಹೊತ್ತ ಗಾಡಿಗಳು ಓಣಿ ದಾಟಿದ ಮೇಲೆ ಜೋಳದ ದೂಳು ಬಹಳ ಹೊತ್ತು ಗಾಳಿಯಲ್ಲಿ ನಿಂತಿರುತ್ತಿತ್ತು. ಅಡುಗೆಮನೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಅಲ್ಲಿಂದ ಇಳಿದ ಬಿಸಿಲಿನ ಕೋಲು ಹೊಗೆಯೊಳಗೆ ಹಾದು ನೇರ ಆಯಿಯ ಕೈಮೇಲೆ ಬೀಳುತ್ತಿತ್ತು. ಆಯಿ ಎಂದರೆ ನಮ್ಮಪ್ಪನ ಅವ್ವ. ಅವಳು ರೊಟ್ಟಿ ಬಡಿಯುವಾಗ ಹಸಿರು ಬಳೆಗಳ ಸದ್ದು ಮತ್ತು ಅಂಗೈಯ ಸದ್ದು ಒಂದರ ಹಿಂದೆ ಒಂದು ಬರುತ್ತಿದ್ದವು, ಆ ಲಯ ಕೇಳುತ್ತ ನಾನು ಎಷ್ಟೋ ಬೆಳಿಗ್ಗೆ ಹಾಸಿಗೆಯಲ್ಲೇ ಹೊರಳಾಡಿದ್ದೇನೆ. ಒಲೆಯ ಮೇಲ್ಗಡೆ ಜಂತಿಯಿಂದ ಒಂದು ನೆಲುವು ಇಳಿಬಿದ್ದಿತ್ತು. ಹಗ್ಗ ಹೆಣೆದು ಮಾಡಿದ ಜೋಲಿ. ಬೇರೆ ಮನೆಗಳ ನೆಲುವಿನಲ್ಲಿ ಬೆಣ್ಣೆ, ಮೊಸರು ಇರುತ್ತಿದ್ದವು. ನಮ್ಮ ನೆಲುವಿನಲ್ಲಿ ಮಕ್ಕಳು ಬಡಿದ ಮೊದಲ ರೊಟ್ಟಿಗಳಿರುತ್ತಿದ್ದವು.

ನಮ್ಮ ಮನೆಯಲ್ಲಿ ಗಂಡು ಹೆಣ್ಣು ಅನ್ನದೆ ಎಲ್ಲ ಮಕ್ಕಳೂ ರೊಟ್ಟಿ ಬಡಿಯಲು ಕಲಿಯಬೇಕಿತ್ತು. ಮೊದಲ ಸಲ ಬಡಿದ ರೊಟ್ಟಿ ಎಷ್ಟೇ ಹರಿದಿರಲಿ, ಎಷ್ಟೇ ಸೀದಿರಲಿ, ಆಯಿ ಅದನ್ನು ಎಸೆಯುತ್ತಿರಲಿಲ್ಲ. ಕೆಂಡದ ಪಕ್ಕಕ್ಕೆ ನಿಲ್ಲಿಸಿ ಕಡಕ್ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ ನೆಲುವಿನಲ್ಲಿ ಇಡುತ್ತಿದ್ದಳು. ಒಣಗಿದ ಜೋಳದ ರೊಟ್ಟಿ ಕೆಡುವುದಿಲ್ಲ ಎನ್ನುವುದು ನಮ್ಮ ಕಡೆಯ ಕೂಸಿಗೂ ಗೊತ್ತು. ಆಮೇಲೆ ದಿನಾ ಕಲಿಕೆ. ಎಸರು ಕಾಯದೆ ಹಿಟ್ಟು ಕಲಸಿದರೆ ಜಿಗಿ ಬರುವುದಿಲ್ಲ, ಅಂಗೈ ಭಾರ ಬಿದ್ದರೆ ನಡುವೆ ತೂತು, ಹೆದರಿ ಹಗುರ ಮಾಡಿದರೆ ಅಂಚು ದಪ್ಪ. ಕೊನೆಗೆ ಒಂದು ದಿನ ಆ ಮಗುವಿನ ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬಿ ನಿಲ್ಲುತ್ತಿತ್ತು. ಆಗ ನೋಡಬೇಕಿತ್ತು ಮನೆಯ ಸಡಗರ! ಆಯಿ ನೆಲುವಿನಿಂದ ಹಳೆಯ ಗಂಟು ಇಳಿಸುತ್ತಿದ್ದಳು. ಕಾಳು ಕೇರುವ ಮರದಲ್ಲಿ ಹರಿದದ್ದನ್ನೂ ಉಬ್ಬಿದ್ದನ್ನೂ ಪಕ್ಕಪಕ್ಕ ಇಟ್ಟು, ಆ ಮಗುವಿನ ಕೈಯಲ್ಲೇ ಅದನ್ನು ಹೊರಗಿನ ಕಟ್ಟೆಗೆ ಹೊರಿಸುತ್ತಿದ್ದಳು. ಸಂಜೆ ಹೊತ್ತು ಓಣಿಯೆಲ್ಲ ಕಟ್ಟೆಗೆ ಬಂದು ಕೂಡುತ್ತಿತ್ತು. ಮಗು ಎದ್ದು ನಿಂತು ಹರಿದದ್ದನ್ನು ಎತ್ತಿ ತೋರಿಸಿ "ಇದು ಮೊದಲಿಂದು" ಅನ್ನಬೇಕು. ಅದರಲ್ಲಿ ಏನು ಕೆಟ್ಟಿತ್ತು, ಆಮೇಲೆ ಏನು ಬದಲು ಮಾಡಿದೆ, ಯಾವುದು ಇನ್ನೂ ಬರುವುದಿಲ್ಲ, ಎಲ್ಲ ಹೇಳಬೇಕು. ಕುಂತವರು ಏನು ಬೇಕಾದರೂ ಕೇಳಬಹುದು, ನಗಲೂಬಹುದು. ಆದರೆ ಆಯಿಯ ಕಾಯಿದೆ ಒಂದಿತ್ತು: "ನಗಾವ್ರು ನಗ್ರಿ. ನಕ್ಕಾವ್ರು ತಿನ್ನಬೇಕು." ನಕ್ಕವರ ಕೈಗೆ ಮೊದಲು ಬೀಳುತ್ತಿದ್ದದ್ದು ಹರಿದ ರೊಟ್ಟಿಯ ತುಂಡು. ಕಾಳುಪಲ್ಯದ ಬಿಸಿ ರಸದಲ್ಲಿ ಅದ್ದಿ, ಸೀದ ಕಹಿಯ ಜೊತೆಗೇ ಅಗಿದು ನುಂಗಬೇಕು. ಹೀಗೆ ನಮ್ಮ ಓಣಿಯ ಮಕ್ಕಳ ಮೊದಲ ತಪ್ಪುಗಳನ್ನೆಲ್ಲ ಓಣಿಯೇ ತಿಂದು ಮುಗಿಸಿತು. ಇವತ್ತು ಒಂದು ತುಣುಕೂ ಉಳಿದಿಲ್ಲ.

ನೀವು ಇಲ್ಲಿ ನನ್ನನ್ನು ತಡೆದು ಕೇಳಬಹುದು: ಮಗುವಿನ ತಪ್ಪನ್ನು ಹೀಗೆ ಹತ್ತು ಜನರ ಮುಂದೆ ಎತ್ತಿ ತೋರಿಸುವುದು ಅವಮಾನವಲ್ಲವೇನು? ಕೇಳಬೇಕಾದದ್ದೇ. ನಾನೂ ಆಯಿಯನ್ನು ಕೇಳಿದ್ದೆ. ಅವಳು ನೆಲುವಿನ ಕಡೆ ನೋಡಿದಳು ಅಷ್ಟೇ. ಉತ್ತರವನ್ನು ನಾನೇ ಕಟ್ಟಿಕೊಂಡೆ. ಉಬ್ಬಿದ ರೊಟ್ಟಿ ಬರುವ ತನಕ ಅವಳು ಹರಿದದ್ದನ್ನು ಕೆಳಗಿಳಿಸುತ್ತಿರಲಿಲ್ಲ. ಒಂದನ್ನೇ ತೋರಿಸಿದರೆ ಅದು ಅವಮಾನ, ಎರಡನ್ನೂ ತೋರಿಸಿದರೆ ಅದು ದಾರಿ. ಇದನ್ನು ಎಷ್ಟೋ ವೇದಿಕೆಗಳಲ್ಲಿ ವಾದವಾಗಿ ಹೂಡಿ ಗೆದ್ದಿದ್ದೇನೆ, ಎಲ್ಲಿ ಕಲಿತೆಯೆಂದು ಯಾರೂ ಕೇಳಿಲ್ಲ.

ಶಿವಕ್ಕನ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅವಳ ಮೊದಲ ರೊಟ್ಟಿಗೆ ಮೂಲೆಗಳು ಎಷ್ಟಿದ್ದವೋ ದೇವರಿಗೇ ಗೊತ್ತು. ಎದುರುಮನೆಯ ರುದ್ರಪ್ಪ ಕಾಕಾ, ಕಾಳಿನ ದಲಾಲಿ ಅಂಗಡಿಯವರು, ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿದರು. "ಇದು ರೊಟ್ಟಿ ಅಲ್ರೆಪಾ, ನಮ್ಮ ಜಿಲ್ಲಾದ ನಕಾಶಿ! ನೋಡ್ರಿ, ಇಲ್ಲೆ ಮುಂಡರಗಿ ಹರದೈತಿ, ಇಲ್ಲೆ ಶಿರಹಟ್ಟಿ ಸೀದೈತಿ."

"ಗದಗ ಎಲ್ಲೈತಿ ಕಾಕಾ?" ಅಂದೆ ನಾನು.

"ಗದಗ ಹಂಚಿಗೇ ಹತ್ತಿಕೊಂಡು ಉಳದೈತಿ ನೋಡವಾ."

ಕಟ್ಟೆಯೆಲ್ಲ ನಗೆ. ಶಿವಕ್ಕನೂ ಹೊಟ್ಟೆ ಹಿಡಿದು ನಕ್ಕಳು. ಆಯಿ ಮಾತ್ರ ನಗದೆ ಆ ಸೀದ ಶಿರಹಟ್ಟಿಯನ್ನು ಮುರಿದು ಕಾಕಾನ ಕೈಗಿಟ್ಟಳು. "ತಿನ್ನಪ್ಪಾ ರುದ್ರಪ್ಪಾ. ತಿಂದು, ಯಾಕ ಸೀದೈತಿ ಅಂತ ನನ್ನ ಮೊಮ್ಮಗಳನ್ನ ಕೇಳು." ಕಾಕಾ ಕೇಳಿದರು, ಶಿವಕ್ಕ ಹೇಳಿದಳು, ಅವರು ಒಪ್ಪಲಿಲ್ಲ, ಇವಳು ಬಿಡಲಿಲ್ಲ. ಒಲೆಯ ಉರಿಯ ಬಗ್ಗೆ ಅಷ್ಟು ಹೊತ್ತು ವಾದ ನಡೆಯಬಹುದೆಂದು ನನಗೆ ಗೊತ್ತಾದದ್ದೇ ಅವತ್ತು. ನನ್ನ ಚಟ ಅಂಟಿದ್ದು ಅಲ್ಲಿ, ಆ ಕಟ್ಟೆಯ ಮೇಲೆ, ಬಾಯಲ್ಲಿ ಸೀದ ರೊಟ್ಟಿ ಇಟ್ಟುಕೊಂಡು.

ಕಟ್ಟೆಯ ಮೇಲೆ ಹಾಗೆ ಕುಣಿದಾಡಿದ ಶಿವಕ್ಕ ಶಾಲೆಯ ವೇದಿಕೆಯ ಮೇಲೆ ಕಲ್ಲಾದಳು. ಏಳನೇ ಇಯತ್ತೆಯಲ್ಲಿದ್ದಾಗ ಸ್ವಾತಂತ್ರ್ಯ ದಿನದ ಭಾಷಣಕ್ಕೆ ನಿಂತು, "ಎಲ್ಲರಿಗೂ ನನ್ನ ನಮಸ್ಕಾರ" ಎಂದವಳು ಮುಂದಿನ ಮಾತು ಮರೆತು, ಧ್ವಜದ ಕಂಬದ ಕಡೆ ನೋಡುತ್ತ ನಿಂತಳು. ಯಾರೋ ಹಿಂದಿನಿಂದ ಕಿಸಕ್ಕೆಂದರು. ಅಲ್ಲಿ ನಕ್ಕವರು ಏನನ್ನೂ ತಿನ್ನಬೇಕಾಗಿರಲಿಲ್ಲ. ಅವಳು ಓಡಿ ಬಂದು ನಡುಮನೆಯ ಕೌದಿಗಳ ರಾಶಿಯ ಹಿಂದೆ ಕೂತಳು. ಅವತ್ತಿನಿಂದ ತರಗತಿಯಲ್ಲಿ ಹಾಜರಿಗೂ ಬರೀ ಕೈ ಎತ್ತುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ನಿಗದಿಯಾದಾಗ ವಿಜ್ಞಾನ ಕಲಿಸುವ ಅಕ್ಕೋರು ಮನೆಗೇ ಬಂದು ಕಟ್ಟೆಯ ಮೇಲೆ ಕುಂತು ಹೇಳಿದರು: "ಈ ಸಲ ಇಕಿ ಮಾತಾಡದಿದ್ರ, ಆಯಿ, ಇನ್ನ ಮುಂದ ಮಾತಾಡೂದಿಲ್ಲರಿ. ಹೈಸ್ಕೂಲಿಗೆ ಹೋದ್ರ ಅಲ್ಲೆ ಹಿಂದಿನ ಬೆಂಚು, ಆಮ್ಯಾಲೆ ಶಾಲೀನ ಬ್ಯಾಡ ಅಂತಾಳ." ಶಿವಕ್ಕ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಅವಳ ಕೈ ಬಾಗಿಲಿನ ಚಿಲಕವನ್ನು ತಿರುವುತ್ತಲೇ ಇತ್ತು.

ನೀರು ಸೋಸುವ ಮಾದರಿ ಎಂದು ತೀರ್ಮಾನವಾಯಿತು. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಬೋರಲು ನಿಲ್ಲಿಸಿ ಬಾಯಿಗೆ ಹತ್ತಿ ತುರುಕಿ, ಅದರ ಮೇಲೆ ಇದ್ದಲಿ ಪುಡಿ, ಉಸುಕು, ಸಣ್ಣ ಕಲ್ಲಿನ ಹಳ್ಳು. ಮೇಲಿಂದ ರಾಡಿ ನೀರು ಸುರಿದರೆ ಕೆಳಗೆ ತಿಳಿನೀರು ಬರಬೇಕು. ಮೊದಲ ದಿನ ಬಂದದ್ದು ಡಾಂಬರು! ಇದ್ದಲಿಯನ್ನು ತೊಳೆಯದೆ ಹಾಕಿದ್ದಳು, ಹಾಕಿದ ನೀರಿಗಿಂತ ಬಂದ ನೀರು ಕಪ್ಪಾಗಿತ್ತು. ಶಿವಕ್ಕ ಅದನ್ನು ಬಚ್ಚಲಿಗೆ ಚೆಲ್ಲಲು ಹೋದಳು. ಆಯಿ ತಡೆದಳು. ಸಣ್ಣ ಬಾಟಲಿಯೊಂದಕ್ಕೆ ತುಂಬಿಸಿ, ಮುಚ್ಚಳ ಬಿಗಿದು, ಬಿಳಿ ಬಟ್ಟೆ ಸುತ್ತಿ, ತೆಗೆದುಕೊಂಡು ಹೋಗಿ ನೆಲುವಿನಲ್ಲಿ ಇಟ್ಟಳು. ನಮ್ಮ ದೊಡ್ಡವ್ವ, ಶಿವಕ್ಕನ ತಾಯಿ, ಹಣೆ ಹಣೆ ಬಡಿದುಕೊಂಡಳು. "ಅದು ರೊಟ್ಟಿ ಏನ, ಅತ್ತಿ? ಹೊಲಸು ನೀರು ಐತಿ!"

"ಅಕಿದು ಮೊದಲಿಂದು ಐತಿ," ಅಂದಳು ಆಯಿ. ಅಲ್ಲಿಗೆ ಮಾತು ಮುಗಿಯಿತು.

ಪ್ರದರ್ಶನದ ದಿನ ಶಾಲೆಯ ಅಂಗಳ ತುಂಬಿತ್ತು. ಪಕ್ಕದ ಬೆಂಚಿನಲ್ಲಿ ಪೇಟೆಯಿಂದ ಕೊಂಡು ತಂದ ಥರ್ಮಾಕೋಲಿನ ಜ್ವಾಲಾಮುಖಿ ಗುಲಾಲು ಉಗುಳುತ್ತಿತ್ತು, ಅದರ ಮುಂದೆ ಮಕ್ಕಳ ಹಿಂಡು. ಮಾದರಿಗಳನ್ನು ನೋಡಲು ಗದಗಿನಿಂದ ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರು ಬಂದಿದ್ದರು. ಹೆಡ್ ಮಾಸ್ತರರಿಗೆ ಶಿವಕ್ಕನ ಮಾದರಿ ಬಹಳ ಹಿಡಿಸಿತು. ಹಿಂದಿನ ಸಂಜೆ ತಿಳಿನೀರು ಬಂದದ್ದನ್ನು ಅವರು ಕಣ್ಣಾರೆ ನೋಡಿದ್ದರು. ಸಾಹೇಬರಿಗೆ ಎದ್ದು ಕಾಣಲೆಂದು ಇಬ್ಬರು ಹುಡುಗರ ಕೈಯಲ್ಲಿ ಬೆಂಚನ್ನೇ ಎತ್ತಿಸಿ ಮುಂದಕ್ಕೆ ತರಿಸಿದರು. ಪ್ರೀತಿಯಿಂದಲೇ ಮಾಡಿದರು, ಅದನ್ನು ಒಪ್ಪಬೇಕು. ಆದರೆ ಬೆಂಚು ಕುಲುಕಿತು, ಬಾಟಲಿಯೊಳಗೆ ಉಸುಕೂ ಇದ್ದಲಿಯೂ ಕಲಸಿಹೋದವು. ಶಿವಕ್ಕ ರಾಡಿ ನೀರು ಸುರಿದಳು. ಕೆಳಗಿನ ಗ್ಲಾಸಿಗೆ ಚಹಾದ ಬಣ್ಣದ ನೀರು ತೊಟ್ಟಿಕ್ಕಿತು. "ಸಕ್ರಿ ಹಾಕೀರೇನ ಮತ್ತ?" ಎಂದು ಹಿಂದಿನಿಂದ ಒಂದು ದನಿ. ಅದು ನಮ್ಮ ರುದ್ರಪ್ಪ ಕಾಕಾನದೇ! ಜನ ಘೊಳ್ಳೆಂದರು. ಶಿವಕ್ಕನ ಕಣ್ಣು ಧ್ವಜದ ಕಂಬದ ಕಡೆ ತಿರುಗಿತು. ಸ್ವಾತಂತ್ರ್ಯ ದಿನ ತಿರುಗಿದ ಹಾಗೇ. ಅವಳ ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋದದ್ದನ್ನು ನಾನು ನೋಡಿದೆ. ಇನ್ನೊಂದು ಹೆಜ್ಜೆ ಹೋಗಿದ್ದರೆ ಗೇಟು.

"ಏ ಶಿವೀ! ಮೊದಲಿಂದು ಎಲ್ಲೈತಿ?"

ಹೆಂಗಸರ ಸಾಲಿನ ನಡುವಿನಿಂದ ಆಯಿ ಎದ್ದು ನಿಂತಿದ್ದಳು. ಸಾಹೇಬರು ತಿರುಗಿ ನೋಡಿದರು. ಹೆಡ್ ಮಾಸ್ತರರು "ಆಯಿ, ಆಮ್ಯಾಲೆ ಮಾತಾಡೋಣಂತ, ಕುಂಡ್ರಿ" ಎಂದು ಕೈ ಮುಗಿದರು. ಆಯಿ ಕೂರಲಿಲ್ಲ. ಶಿವಕ್ಕನ ಬಾಯಿಂದ, ಎಷ್ಟೋ ತಿಂಗಳ ಮೇಲೆ ಆ ಶಾಲೆಯ ಅಂಗಳದಲ್ಲಿ, ಒಂದು ಮಾತು ಹೊರಬಿತ್ತು: "ನೆಲುವಿನ್ಯಾಗ ಐತಿ ಆಯಿ."

"ಲೇ ನೀಲೀ, ಓಡ!"

ನೀಲಿ ಎಂದರೆ ನಾನು. ಆಹಾ, ಆ ಓಟ! ಶಾಲೆಯ ಗೇಟು ಹಾರಿ, ಮೆಣಸಿನಕಾಯಿ ಹರವಿದ ತಾಡಪತ್ರಿಯ ಅಂಚು ತುಳಿದು ಬೈಸಿಕೊಂಡು, ಜೋಳದ ಚೀಲಗಳ ಸಂದಿಯಲ್ಲಿ ಸೊಂಟ ತಿರುಗಿಸಿ, ಸೀನುತ್ತ ಸೀನುತ್ತ ಮನೆ ಮುಟ್ಟಿದೆ. ಖಾಲಿ ಮನೆ, ಆರಿದ ಒಲೆ, ಬೆಳಕಿಂಡಿಯ ಬಿಸಿಲು. ಬೀಸುಕಲ್ಲಿನ ಮೇಲೆ ಹತ್ತಿ ನೆಲುವಿಗೆ ಕೈ ಹಾಕಿ ಆ ಗಂಟನ್ನು ಎದೆಗೆ ಅವಚಿಕೊಂಡು ಮತ್ತೆ ಓಟ. ಬಿದ್ದು ಒಡೆದರೆ ಶಿವಕ್ಕ ಓಡಿಹೋಗುತ್ತಾಳೆ ಎನ್ನುವುದೊಂದೇ ತಲೆಯಲ್ಲಿ. ಪ್ಲಾಸ್ಟಿಕ್ ಬಾಟಲಿ ಒಡೆಯುವುದಿಲ್ಲ ಎನ್ನುವ ತರ್ಕ ಆಗ ಹೊಳೆಯಲಿಲ್ಲ ನೋಡಿ! ನಾನು ಬರುವವರೆಗೆ ಸಾಹೇಬರು ಕಾದರೋ, ಜ್ವಾಲಾಮುಖಿ ನೋಡುತ್ತಿದ್ದರೋ, ಅದನ್ನು ನಾನು ಹೇಳಲಾರೆ, ನೋಡಿಲ್ಲ. ಶಿವಕ್ಕ ಮಾತ್ರ ಅಲ್ಲೇ ಇದ್ದಳು, ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು. ಅವಳು ಬಟ್ಟೆ ಬಿಚ್ಚಿ ಆ ಡಾಂಬರು ನೀರಿನ ಬಾಟಲಿಯನ್ನು ಚಹಾ ಬಣ್ಣದ ಗ್ಲಾಸಿನ ಪಕ್ಕಕ್ಕೆ ಇಟ್ಟಳು. ಅಂಗಳವೆಲ್ಲ ಒಮ್ಮೆಲೇ "ಅಬ್ಬಾ!" ಅಂದಿತು. ಆ ಕಪ್ಪಿನ ಪಕ್ಕ ಈ ರಾಡಿಯೂ ಎಷ್ಟೋ ತಿಳಿಯಾಗಿ ಕಂಡಿತು.

"ಇದು ಮೊದಲಿಂದು," ಅಂದಳು ಶಿವಕ್ಕ. ದನಿ ಸಣ್ಣಗಿತ್ತು, ಆದರೆ ಅದು ಕಟ್ಟೆಯ ಮೇಲಿನ ದನಿ. "ಇದರಾಗ ಇದ್ದಲಿ ತೊಳದಿದ್ದಿಲ್ಲ. ಈಗಿಂದು ಕುಲುಕಾಡಿ ಕೆಟ್ಟೈತಿ. ಬಿಚ್ಚಿ ಮತ್ತೊಮ್ಮೆ ಹಾಕಿ ತೋರಸ್ತೇನಿ."

"ರುದ್ರಪ್ಪಾ," ಅಂದಳು ಆಯಿ, "ನಕ್ಕಿಯಲ್ಲ, ಹೋಗು, ಇದ್ದಲಿ ತೊಳಕೊಂಡು ಬಾ."

"ಆಯಿ, ದೋತರ ಇವತ್ತ ಒಗದು ಉಟ್ಟದ್ದೈತಿ ಬೇ!"

"ಕಾಯಿದೆ ಅಂದ್ರ ಕಾಯಿದೆ."

ಬಿಳಿ ದೋತರವನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ ರುದ್ರಪ್ಪ ಕಾಕಾ ಶಾಲೆಯ ನಳದ ಕೆಳಗೆ ಇದ್ದಲಿ ತೊಳೆದ ದೃಶ್ಯದ ಬಗ್ಗೆ ಲಕ್ಷ್ಮೇಶ್ವರದ ಜನ ಬಹಳ ದಿನ ಮಾತಾಡಿಕೊಂಡರು. ಉಳಿದ ನಕ್ಕವರು ತಾವಾಗಿಯೇ ಮುಂದೆ ಬಂದರು, ಒಬ್ಬರು ಉಸುಕು ತೊಳೆದರು, ಒಬ್ಬರು ಹತ್ತಿ ಬಿಡಿಸಿದರು. ಜ್ವಾಲಾಮುಖಿಯ ಮುಂದಿನ ಹಿಂಡು ಕರಗಿ ಇಲ್ಲಿಗೆ ಬಂತು. ಶಿವಕ್ಕ ಪದರದ ಮೇಲೆ ಪದರ ಹಾಕುತ್ತ ಯಾಕೆ ಇದು ಕೆಳಗೆ, ಯಾಕೆ ಅದು ಮೇಲೆ ಎಂದು ಹೇಳುತ್ತಲೇ ಹೋದಳು, ಸಾಹೇಬರು ಕೇಳಿದ್ದಕ್ಕೆ "ಅದು ನನಗ ಇನ್ನೂ ಗೊತ್ತಿಲ್ರಿ" ಎಂದೂ ಹೇಳಿದಳು. ನೀರು ಸುರಿದಳು. ಎಲ್ಲರೂ ಉಸಿರು ಬಿಗಿಹಿಡಿದು ಆ ಹತ್ತಿಯ ತುದಿಯನ್ನು ನೋಡಿದೆವು. ಹನಿ ಬಿತ್ತು. ಇನ್ನೊಂದು ಬಿತ್ತು. ಗ್ಲಾಸು ಅರ್ಧಕ್ಕೆ ಬಂದಾಗ ಅದರ ಹಿಂದೆ ನನ್ನ ಬೆರಳು ಹಿಡಿದೆ. ಬೆರಳು ಕಂಡಿತು, ಉಗುರಿನೊಳಗಿನ ಮಣ್ಣು ಕಾಣಲಿಲ್ಲ. ಅಷ್ಟು ತಿಳಿ, ಅದಕ್ಕಿಂತ ಹೆಚ್ಚಿಲ್ಲ. ಅಷ್ಟಕ್ಕೇ ಆ ಅಂಗಳದಲ್ಲಿ ಎದ್ದ ಸದ್ದು ಇದೆಯಲ್ಲ, ಅದನ್ನು ಚಪ್ಪಾಳೆ ಎಂದರೆ ಕಡಿಮೆಯಾಯಿತು. ಬಹುಮಾನ ಜ್ವಾಲಾಮುಖಿಗೇ ಹೋಯಿತು. ನಾವು ಮನೆಗೆ ಕುಣಿಯುತ್ತ ಬಂದೆವು.

ಸತ್ಯ ಇಷ್ಟು. ಹಾಗಾದರೆ "ಒಂದೇ ಸಲಕ್ಕೆ ತಿಳಿನೀರು" ಎಲ್ಲಿಂದ ಬಂತು? ಮೊದಲು ದೊಡ್ಡವ್ವ ನೆಂಟರ ಮುಂದೆ ಕಥೆಯನ್ನು ಚಿಕ್ಕದು ಮಾಡಿದಳು, ನೆಂಟರು ಇನ್ನಷ್ಟು ಚಿಕ್ಕದು ಮಾಡಿದರು, ಕಪ್ಪು ನೀರು ಹೋಯಿತು, ಚಹಾದ ನೀರು ಹೋಯಿತು, ರುದ್ರಪ್ಪ ಕಾಕಾನ ದೋತರವೂ ಹೋಯಿತು. ಕೊನೆಗೆ ತಿಳಿನೀರೊಂದೇ ಉಳಿಯಿತು, ಅದೂ ಅವತ್ತು ಬಂದದ್ದಕ್ಕಿಂತ ತಿಳಿ. ನನ್ನ ನೆನಪೂ ಏನಾದರೂ ಕಲಸಿರಬಹುದು, ಆ ಸಂಶಯವನ್ನು ನಾನೇ ಎತ್ತುತ್ತೇನೆ. ಆದರೆ ಆ ಗಂಟನ್ನು ಹೊತ್ತು ಓಡಿದ ಎದೆ ನನ್ನದು.

ಈಗ ಆ ಮನೆ ಇಲ್ಲ. ಆಯಿ ಹೋದಳು, ರುದ್ರಪ್ಪ ಕಾಕಾ ಹೋದರು, ರಸ್ತೆ ಅಗಲವಾಗುವಾಗ ಮೊದಲು ಕಟ್ಟೆ ಹೋಯಿತು, ಆಮೇಲೆ ಮನೆ. ಮಾಳಿಗೆ ಇಳಿಸಿದ ದಿನ ನಾನೂ ಶಿವಕ್ಕನೂ ಓಣಿಯಲ್ಲಿ ನಿಂತಿದ್ದೆವು. ಬೆಳಕಿಂಡಿ ಇದ್ದ ಜಾಗದಲ್ಲಿ ಇಡೀ ಆಕಾಶ ಇಳಿದಿತ್ತು. ಒಂಟಿ ಜಂತಿಗೆ ಖಾಲಿ ನೆಲುವು ಹಾಗೇ ತೂಗುತ್ತಿತ್ತು, ಯಾರೋ ಈಗಷ್ಟೇ ಅದರಿಂದ ಏನನ್ನೋ ಇಳಿಸಿಕೊಂಡ ಹಾಗೆ. ಈಗ ಅಲ್ಲಿ ಮೊಬೈಲಿನ ಅಂಗಡಿ ಇದೆ, ಒಳ್ಳೆಯ ಅಂಗಡಿಯೇ. ಅದರ ಮುಂದೆ ನಿಂತರೆ ಬಳೆಯ ಸದ್ದು ಕೇಳುತ್ತದೆ ಎಂದು ನಾನು ಬರೆಯುವುದಿಲ್ಲ. ಕೇಳುವುದಿಲ್ಲ. ಅದೇ ದುಃಖ.

ಮುಂಡರಗಿ ಕಡೆಯ ಆ ಶಾಲೆಯಲ್ಲಿ ಮೈಕಿನ ಮಾತು ಮುಗಿದ ಮೇಲೆ ನಾನು ಬೆಂಚುಗಳ ಸಾಲಿನಲ್ಲಿ ನಡೆದೆ. ಕೊನೆಯ ಬೆಂಚಿನಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಹೆಸರುಕಾಳಿನ ಸಸಿಗಳ ಕುಂಡ ಇಟ್ಟುಕೊಂಡು ನಿಂತಿದ್ದಳು. ಹಸಿರೆಂದರೆ ಹಸಿರು. ಎಷ್ಟು ಸಲಕ್ಕೆ ಬಂತು ಎಂದು ಕೇಳಿದೆ. "ಒಂದೇ ಸಲಕ್ಕ ಬಂತ್ರಿ" ಎಂದಳು, ಹೇಳುವಾಗ ಅವಳ ಕಣ್ಣು ವರಾಂಡದ ಕೊನೆಯ ಬಾಗಿಲಿಗೆ ಹೋಗಿಬಂತು. ನಾನು ಹೋಗಿ ಆ ಬಾಗಿಲ ಹಿಂದೆ ನೋಡಿದೆ. ನೀರು ಹೆಚ್ಚಾಗಿ ಕೊಳೆತ ಕಾಳಿನ ಕುಂಡಗಳು, ಒಣಗಿ ಬಾಗಿದ ಸಸಿಗಳ ಕುಂಡಗಳು, ಒಂದರ ಮೇಲೊಂದು ಪೇರಿಸಿ ಮೇಲೆ ಗೋಣಿಚೀಲ ಮುಚ್ಚಿದ್ದರು. ಒಂದೊಂದಕ್ಕೂ ಪುಟ್ಟ ಅಕ್ಷರದಲ್ಲಿ ಆ ಹುಡುಗಿಯ ಹೆಸರು. ಹಿಂದೆ ಹೆಜ್ಜೆಯ ಸದ್ದಾಯಿತು. ಶಿವಕ್ಕ, ಊಟಕ್ಕೆ ಕರೆಯಲು ಬಂದವಳು, ಕೈಯಲ್ಲಿ ಬಿಸಿ ರೊಟ್ಟಿಯ ತಾಟು. ಅವಳು ಗೋಣಿಚೀಲವನ್ನು ನೋಡಿದಳು, ನನ್ನನ್ನು ನೋಡಿದಳು. ಅಂಗಳದ ಆ ತುದಿಯಿಂದ ಎರಡು ಜಡೆಯ ಹುಡುಗಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು, ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು. ವಾದಕ್ಕೆ ನನ್ನ ಹತ್ತಿರ ಏನೆಲ್ಲ ಇತ್ತು! ಎಲ್ಲ ಬಿಟ್ಟು ಒಂದನ್ನೇ ಕೇಳಿದೆ. ಅವಳು ಇನ್ನೂ ಉತ್ತರ ಕೊಟ್ಟಿಲ್ಲ, ಅದಕ್ಕೇ ಇಲ್ಲಿ ಮತ್ತೆ ಕೇಳುತ್ತಿದ್ದೇನೆ.

ಶಿವಕ್ಕಾ, ಅವತ್ತು ನಾ ಓಡಿಹೋಗಿ ಆ ಗಂಟು ತರದಿದ್ರ, ನೀ ಇವತ್ತ ಎಲ್ಲಿರ್ತಿದ್ದಿ?